ಕೊಡಗಿನ ಮಳೆ, ಆಫ್ರಿಕಾದ ಹಾವು, ಉಪ್ಪಿನ ಭರಣಿ

ಮನೆಯೊಳಗೆ ಹಾವು ಸಾಕಿದೀನಿ ಅಂದ್ರೆ ನಮ್ಮ ಕಡೆ ಜನಕ್ಕೆ ಎರಡು ಅನುಮಾನ ಬರತ್ತೆ, ಒಂದು ಇವನಿಗೆ ತಲೆ ಸರಿ ಇದ್ಯಾ ಅಂತ, ಇನ್ನೊಂದು ಫಾರೆಸ್ಟ್‌ನವ್ರು ಹಿಡ್ಕೊಂಡು ಹೋಗಲ್ವಾ ಅಂತ. ಮೊದಲನೇದಕ್ಕೆ ನಮ್ಮಮ್ಮನ ಉತ್ತರವೇ ಬೇರೆ, ಅದನ್ನ ಇಲ್ಲಿ ಬರೆಯಲ್ಲ. ಎರಡನೇದನ್ನ ಮಾತ್ರ ಮೊದಲೇ ಹೇಳ್ಬಿಡ್ತೀನಿ. ತೋಟದಲ್ಲಿ ಸಿಗೋ ಕೇರೆ ಹಾವು, ನಾಗರಹಾವು, ಹೆಬ್ಬಾವಿನ ಮರಿ ಇವನ್ನೆಲ್ಲ ತಂದು ಡಬ್ಬದಲ್ಲಿ ಹಾಕ್ಕೊಳ್ಳೋದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ, ಅದರಲ್ಲಿ ಎರಡು ಮಾತಿಲ್ಲ. ನಮ್ಮ ಮನೇಲಿರೋದು ಬಾಲ್ ಪೈಥಾನ್, ಆಫ್ರಿಕಾ ಮೂಲದ ಒಂದು ಹೆಬ್ಬಾವಿನ ಜಾತಿ, ವನ್ಯಜೀವಿ ವ್ಯಾಪಾರದ ಮೇಲಿನ ಅಂತಾರಾಷ್ಟ್ರೀಯ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿರೋದು. ಇಂಥವುಗಳಿಗೆ 2022ರ ತಿದ್ದುಪಡಿ ಆದ್ಮೇಲೆ, 2024ರ ನಿಯಮದ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ರಿಜಿಸ್ಟರ್ ಮಾಡಿಸ್ಬೇಕು. ಮರಿ ಆದ್ರೂ ಹೇಳ್ಬೇಕು, ಸತ್ರೂ ಹೇಳ್ಬೇಕು, ಬೇರೆಯವರಿಗೆ ಕೊಟ್ರೂ ಹೇಳ್ಬೇಕು. ಪೇಪರ್ ಇಲ್ದೆ ಯಾರಾದ್ರೂ ಕಮ್ಮಿ ರೇಟಿಗೆ ಕೊಡ್ತೀನಿ ಅಂದ್ರೆ ದಯವಿಟ್ಟು ತಗೋಬೇಡಿ. ಕಾನೂನಿನ ಕಥೆ ಇಲ್ಲಿಗೆ ಮುಗೀತು.

ನಾನು ಬರೀಬೇಕು ಅಂದ್ಕೊಂಡಿರೋದು ಶಾಖ ಮತ್ತೆ ಗಾಳಿಯ ತೇವದ ಬಗ್ಗೆ. ಯಾಕಂದ್ರೆ ಹಾವು ಸಾಕೋ ಬಗ್ಗೆ ಓದೋಕೆ ಸಿಗೋದೆಲ್ಲ ಬಹುಪಾಲು ಹೊರದೇಶದ ಜನ ಬರ್ದಿರೋದು, ಅವರ ಮನೇಲಿ ಚಳಿಗಾಲದಲ್ಲಿ ಇಡೀ ಮನೆ ಹೀಟರ್ ಓಡತ್ತೆ, ಒಳಗಡೆ ಗಾಳಿ ಹಪ್ಪಳ ಒಣಗಿಸೋ ಹಾಗಿರತ್ತೆ, ಹಾಗಾಗಿ ಅವರ ಚಿಂತೆಯೆಲ್ಲ ತೇವ ಏರಿಸೋದು ಹೇಗೆ, ನೀರು ಎಷ್ಟು ಸಲ ಸ್ಪ್ರೇ ಮಾಡ್ಬೇಕು, ಮೆಶ್ ಮುಚ್ಚಳದ ಮೇಲೆ ಫಾಯಿಲ್ ಹಾಕ್ಬೇಕಾ ಅನ್ನೋದು. ಅದನ್ನ ಓದ್ಕೊಂಡು ಜುಲೈ ತಿಂಗಳಲ್ಲಿ ಮಡಿಕೇರಿಯಲ್ಲಿ ಹಾವಿನ ಡಬ್ಬಕ್ಕೆ ನೀರು ಹೊಡೆಯೋದು ಅಂದ್ರೆ ಏನು ಹೇಳ್ಲಿ! ಗೋಡೆಗೆ ಬೂಷ್ಟು, ಬೆಲ್ಟಿಗೆ ಬೂಷ್ಟು, ಕ್ಯಾಮೆರಾ ಲೆನ್ಸಿಗೂ ಬೂಷ್ಟು ಬರೋ ಊರು ಇದು. ಕಕ್ಕಡ ತಿಂಗಳಲ್ಲಿ, ಅಂದ್ರೆ ಜುಲೈ ನಡುವಿಂದ ಆಗಸ್ಟ್ ನಡುವಿನ ತನಕ, ಒಗೆದ ಬಟ್ಟೆ ಒಲೆ ಮೇಲೆ ಹಗ್ಗ ಕಟ್ಟಿ ಒಣಗಿಸೋರು ನಾವು.

ಹಾಗಂತ "ಕೊಡಗಲ್ಲಿ ತೇವದ ಸಮಸ್ಯೆನೇ ಇಲ್ಲ" ಅನ್ನೋದೂ ತಪ್ಪೇ, ಅದಕ್ಕೆ ಆಮೇಲೆ ಬರ್ತೀನಿ.

ಮೊದಲು ಹಾವಿಗೆ ಏನು ಬೇಕು ಅಂತ ನೋಡೋಣ. ಹಾವು ತನ್ನ ಮೈ ಶಾಖನ ನಮ್ಮ ಥರ ಒಳಗಿಂದ ಮಾಡ್ಕೊಳ್ಳಲ್ಲ, ಹೊರಗಿಂದ ತಗೊಳ್ಳತ್ತೆ. ಬಿಸಿ ಬೇಕಾದಾಗ ಬಿಸಿ ಜಾಗಕ್ಕೆ ಹೋಗತ್ತೆ, ಸಾಕಾದಾಗ ತಂಪಿಗೆ ಹೋಗತ್ತೆ. ತಿಂದಿದ್ದು ಅರಗೋದಕ್ಕೆ, ರೋಗ ತಡ್ಕೊಳ್ಳೋದಕ್ಕೆ, ಪೊರೆ ಬಿಡೋದಕ್ಕೆ ಎಲ್ಲದಕ್ಕೂ ಅದೇ ಶಾಖ. ಬಾಲ್ ಪೈಥಾನಿಗೆ ಡಬ್ಬದ ಒಂದು ತುದಿ 31ರಿಂದ 33 ಡಿಗ್ರಿ, ಇನ್ನೊಂದು ತುದಿ 25, 26 ಡಿಗ್ರಿ ಇರ್ಬೇಕು, ರಾತ್ರಿ ತಂಪು ಕಡೆ ಸ್ವಲ್ಪ ಇಳಿದ್ರೂ 22ಕ್ಕಿಂತ ಕೆಳಗೆ ಹೋಗದಿದ್ರೆ ಒಳ್ಳೇದು. ಗಾಳಿಯ ತೇವ ಸುಮಾರು 55ರಿಂದ 70 ಪರ್ಸೆಂಟ್, ಪೊರೆ ಬಿಡೋ ಟೈಮಲ್ಲಿ ಇನ್ನೂ ಸ್ವಲ್ಪ ಜಾಸ್ತಿ. ಇಲ್ಲಿ ಮುಖ್ಯ ಏನಂದ್ರೆ ಡಬ್ಬ ಪೂರ್ತಿ ಒಂದೇ ನಂಬರ್ ಇರ್ಬಾರ್ದು. ಇಡೀ ಡಬ್ಬ 30 ಡಿಗ್ರಿಗೆ ನಿಲ್ಲಿಸಿ ಪರ್ಫೆಕ್ಟ್ ಆಯ್ತು ಅಂತ ಖುಷಿ ಪಡೋರನ್ನ ನೋಡಿದೀನಿ, ಪಾಪ ಆ ಹಾವಿಗೆ ಸೆಕೆ ಆದ್ರೂ ಅಲ್ಲೇ, ಚಳಿ ಆದ್ರೂ ಅಲ್ಲೇ. ಎರಡೂ ತುದಿಗೆ ಒಂದೊಂದು ಬಿಗಿಯಾದ ಅಡಗುತಾಣ ಇಡ್ಬೇಕು, ಎರಡೂ ಒಂದೇ ಥರದ್ದು, ಇಲ್ಲಾಂದ್ರೆ ಅದು ಶಾಖಕ್ಕಿಂತ ಬಚ್ಚಿಟ್ಕೊಳ್ಳೋ ಜಾಗನೇ ಮುಖ್ಯ ಅಂತ ಚಳಿಯಲ್ಲೇ ಕೂತಿರತ್ತೆ.

ಈ ಹಾವು ಪಶ್ಚಿಮ ಮತ್ತೆ ಮಧ್ಯ ಆಫ್ರಿಕಾದ್ದು, ಘಾನಾ, ಟೋಗೋ, ಬೆನಿನ್ ಆ ಕಡೆ. ಅಲ್ಲಿ ಹುಲ್ಲುಗಾವಲು, ಮಳೆಯಿಲ್ಲದ ತಿಂಗಳುಗಳಲ್ಲಿ ಸಹಾರಾ ಕಡೆಯಿಂದ ಒಣಗಾಳಿ ಬೀಸತ್ತೆ. ಅಂಥ ಜಾಗದ ಹಾವಿಗೆ ಇಷ್ಟು ತೇವ ಯಾಕಪ್ಪ ಅಂದ್ರೆ ಅದು ಹಗಲು ಹೊತ್ತು ಮೇಲೆ ಇರೋದೇ ಇಲ್ಲ, ಇಲಿ ಬಿಲದಲ್ಲೋ ಗೆದ್ದಲಿನ ಹುತ್ತದಲ್ಲೋ ಇರತ್ತೆ. ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಮನೆ ಅಂತ ನಮ್ಮೋರು ಹೇಳೋ ಗಾದೆ ಆಫ್ರಿಕಾದಲ್ಲೂ ಅಕ್ಷರಶಃ ನಿಜ. ಹುತ್ತದ ಒಳಗೆ ಹೊರಗಿನಷ್ಟು ಬಿಸಿ ಏರಲ್ಲ, ಹೊರಗಿನಷ್ಟು ತಂಪು ಇಳಿಯಲ್ಲ, ಗಾಳಿ ತೇವವಾಗಿರತ್ತೆ, ಆದ್ರೆ ನೆಲ ಕೆಸರಾಗಿರಲ್ಲ. ಕೊನೇ ಮಾತು ನೆನಪಿಟ್ಕೊಳ್ಳಿ, ಗಾಳಿ ತೇವ ಬೇರೆ, ನೆಲ ಒದ್ದೆ ಬೇರೆ.

ನಮ್ಮ ಕಾಡಲ್ಲೇ ಶಾಖ ತೇವದ ವ್ಯವಹಾರ ಗೊತ್ತಿರೋ ಹಾವಿದೆ. ಕಾಳಿಂಗ ಸರ್ಪದ ಹೆಣ್ಣು ತರಗೆಲೆ ರಾಶಿ ಹಾಕಿ ಗೂಡು ಕಟ್ಟತ್ತೆ, ಮಳೆ ಹಿಡಿಯೋಕೆ ಮುಂಚೆ ಮೊಟ್ಟೆ ಇಟ್ಟು ಕಾಯತ್ತೆ, ಮೇಲಿನ ಎಲೆ ಪದರ ಮಳೆ ನೀರನ್ನ ಜಾರಿಸತ್ತೆ, ಒಳಗೆ ಕೊಳೆಯೋ ಎಲೆ ಬಿಸಿ ಕೊಡತ್ತೆ. ಬರ್ಮೀಸ್ ಪೈಥಾನ್ ಇನ್ನೊಂದು ಹೆಜ್ಜೆ ಮುಂದೆ, ಮೊಟ್ಟೆ ಸುತ್ತ ಸುರುಳಿ ಸುತ್ತಿ ಮೈ ಅದುರಿಸಿ ಅದುರಿಸಿ ತಾನೇ ಶಾಖ ಮಾಡತ್ತೆ, ನ್ಯೂಯಾರ್ಕಿನ ಮೃಗಾಲಯದಲ್ಲಿ ಇದನ್ನ ಅಳತೆ ಮಾಡಿ 1966ರಲ್ಲಿ ಪ್ರಕಟಿಸಿದಾರೆ. ಅವುಗಳ ಮುಂದೆ ಹೀಟರ್ ಶಾಖನ ಹಿಡಿತದಲ್ಲಿಡೋ ನಮ್ಮ ಥರ್ಮೋಸ್ಟಾಟ್ ಏನೂ ಅಲ್ಲ ಬಿಡಿ.

ಈಗ ಅಸಲಿ ವಿಷಯ. ತೇವ ಅಳೆಯೋ ಹೈಗ್ರೋಮೀಟರ್ ತೋರಿಸೋ ಪರ್ಸೆಂಟ್ ಇದ್ಯಲ್ಲ, ಅದು ಗಾಳಿಯಲ್ಲಿ ಎಷ್ಟು ನೀರಿದೆ ಅಂತ ಹೇಳಲ್ಲ, ಆ ಶಾಖದಲ್ಲಿ ಗಾಳಿ ಹಿಡ್ಕೋಬಹುದಾದ ನೀರಲ್ಲಿ ಎಷ್ಟು ಪಾಲು ಇದೆ ಅಂತ ಹೇಳತ್ತೆ. ಒಂದು ಲೋಟ ನೀರು ಚೊಂಬಿಗೆ ಹಾಕಿದ್ರೆ ಅರ್ಧ ತುಂಬತ್ತೆ, ಅದೇ ನೀರು ಕೊಡಕ್ಕೆ ಹಾಕಿದ್ರೆ ತಳ ಮಾತ್ರ ಒದ್ದೆ, ಗಾಳಿ ಬಿಸಿ ಆಗೋದು ಅಂದ್ರೆ ಚೊಂಬು ಕೊಡ ಆದ ಹಾಗೆ. ಜುಲೈನಲ್ಲಿ ನಮ್ಮ ಹೆಂಚಿನ ಮನೆ ರೂಮಲ್ಲಿ 21 ಡಿಗ್ರಿ, ತೇವ 92 ಪರ್ಸೆಂಟ್ ಅಂತ ಇಟ್ಕೊಳ್ಳಿ. ಅದೇ ಗಾಳಿ ಡಬ್ಬದೊಳಗೆ ಬಂದು 26 ಡಿಗ್ರಿ ಆದ್ರೆ ಅದು ಸುಮಾರು 68 ಪರ್ಸೆಂಟ್ ಆಗತ್ತೆ, 32 ಡಿಗ್ರಿ ಆದ್ರೆ ಸುಮಾರು 48. ನೀರಿನ ಬೋಗುಣಿ ಒಂದಿರತ್ತಲ್ಲ, ಅದರಿಂದ ಸ್ವಲ್ಪ ಏರತ್ತೆ. ಅಂದ್ರೆ ಒಂದು ಹನಿ ಸ್ಪ್ರೇ ಮಾಡ್ದೆ, ಡೀಹ್ಯೂಮಿಡಿಫೈಯರ್‌ಗೆ ದುಡ್ಡು ಸುರೀದೆ, ಬರೀ ಶಾಖ ಸರಿ ಮಾಡಿದ್ರೆ ತೇವ ತಾನಾಗೇ ಬೇಕಾದ ಕಡೆ ಬಂದು ಕೂರತ್ತೆ. ಮಳೆಗಾಲದಲ್ಲಿ ಡಬ್ಬದಲ್ಲಿ 90 ತೋರಿಸ್ತಿದೆ ಏನ್ ಮಾಡ್ಲಿ ಅಂತ ಕೇಳೋರಿಗೆ ನಾನು ಮೊದಲು ಕೇಳೋದೇ ತಂಪು ಕಡೆ ಎಷ್ಟು ಡಿಗ್ರಿ ಇದೆ ಅಂತ. 22 ಅಂತಾರೆ. ಅಲ್ಲೇ ಇದೆ ಉತ್ತರ, ಅವರ ಸಮಸ್ಯೆ ನೀರಿಂದಲ್ಲ, ಚಳಿಯದ್ದು.

ಇದು ಗೊತ್ತಾದ್ಮೇಲೆ ನಾನು ಎರಡನ್ನೂ ಬೇರೆ ಬೇರೆ ನೋಡೋದು ಬಿಟ್ಟಿದೀನಿ. ಪುಸ್ತಕದಲ್ಲಿ ಶಾಖಕ್ಕೊಂದು ಅಧ್ಯಾಯ ತೇವಕ್ಕೊಂದು ಅಧ್ಯಾಯ ಇರತ್ತೆ, ಡಬ್ಬದಲ್ಲಿ ಹಾಗಿರಲ್ಲ.

ಗಾಜಿನ ಒಳಮೈ ಬೆವರೋದನ್ನೂ ಗಮನಿಸ್ಬೇಕು. ಡಬ್ಬದೊಳಗೆ ಬೆಚ್ಚಗಿನ ತೇವದ ಗಾಳಿ, ಹೊರಗೆ ರೂಮು 20, 21 ಡಿಗ್ರಿ, ಗಾಜು ತಣ್ಣಗಿರತ್ತೆ, ಒಳಗಿನ ಆವಿ ಸ್ವಲ್ಪ ಜಾಸ್ತಿ ಆದ್ರೂ ಅಲ್ಲಿ ಹನಿ ಕಟ್ಟತ್ತೆ, ಇಳಿದು ಅಂಚಲ್ಲಿ ನೆಲ ಒದ್ದೆ ಆಗತ್ತೆ. ಬೆಳಿಗ್ಗೆ ಸ್ವಲ್ಪ ಮಂಜು ಹಿಡಿದು ಆಮೇಲೆ ಹೋದ್ರೆ ಪರವಾಗಿಲ್ಲ. ದಿನವಿಡೀ ಹನಿ ಇದ್ರೆ ಗಾಳಿ ಓಡಾಟ ಸಾಲ್ತಿಲ್ಲ ಅಂತ ಅರ್ಥ. ನಮ್ಮಲ್ಲಿ ಬಹಳ ಜನ ಶಾಖ ಉಳಿಸೋಕೆ ಅಂತ ಇರೋ ಕಿಂಡಿನೆಲ್ಲ ಟೇಪ್ ಹಾಕಿ ಮುಚ್ತಾರೆ, ಅದು ಮಾಡ್ಬಾರ್ದು. ನಿಂತ ಗಾಳಿ, ಚಳಿ, ಒದ್ದೆ ಮೂರೂ ಸೇರಿದ್ರೆ ಹಾವಿಗೆ ಉಸಿರಾಟದ ಸೋಂಕು ಹಿಡಿಯತ್ತೆ. ಉಸಿರು ಬಿಡೋವಾಗ ಸೀಟಿ ಥರ ಶಬ್ದ, ಬಾಯಿ ಸುತ್ತ ಲೋಳೆ ಗುಳ್ಳೆ, ಬಾಯಿ ತೆರೆದು ಉಸಿರಾಡೋದು, ತಲೆ ಮೇಲೆತ್ತಿ ಇಟ್ಕೊಂಡಿರೋದು, ಇದರಲ್ಲಿ ಯಾವುದು ಕಂಡ್ರೂ ಡಾಕ್ಟರ್ ಹತ್ರ ಹೋಗ್ಬೇಕು. ಆ ಡಾಕ್ಟರ್ ನಿಮ್ಮೂರಲ್ಲಿ ಸಿಗೋದು ಕಷ್ಟ. ನಮ್ಮ ಕಡೆ ದನ, ನಾಯಿ ನೋಡೋರು ಇದಾರೆ, ಹಾವು ನೋಡ್ತೀನಿ ಅನ್ನೋರು ಬೇಕಂದ್ರೆ ಮೈಸೂರೋ ಬೆಂಗಳೂರೋ, ಮಳೆಗಾಲದಲ್ಲಿ ಜ್ವರ ಬಂದ ಹಾವನ್ನ, ಸರಿ ಜ್ವರ ಅಂತ ಹೇಳೋ ಹಾಗಿಲ್ಲ, ಹುಷಾರಿಲ್ಲದ ಹಾವನ್ನ ಕಾರಲ್ಲಿ ಬೆಚ್ಚಗೆ ಇಟ್ಕೊಂಡು ಘಾಟಿ ಇಳಿಯೋದು ಇನ್ನೊಂದು ಸಾಹಸ.

ಮೀಟರ್ ಬಗ್ಗೆ ಒಂದು ಮಾತು. ಗಡಿಯಾರದ ಥರ ಮುಳ್ಳಿರೋ ಅಗ್ಗದ ಸ್ಟಿಕ್ಕರ್ ಮೀಟರ್ ತಗೋಬೇಡಿ. ವೈರ್ ತುದಿಯಲ್ಲಿ ಪ್ರೋಬ್ ಇರೋ ಡಿಜಿಟಲ್ ಮೀಟರ್ ಎರಡು ತಗೊಳ್ಳಿ, ಬಿಸಿ ಕಡೆ ಒಂದು, ತಂಪು ಕಡೆ ಒಂದು, ಹಾವು ಮಲಗೋ ಎತ್ತರದಲ್ಲಿ ಇಡಿ, ಮುಚ್ಚಳದ ಕೆಳಗೆ ಅಂಟಿಸಿದ್ರೆ ಅದು ಮುಚ್ಚಳದ ಸಮಾಚಾರ ಹೇಳತ್ತೆ ಅಷ್ಟೇ. ಆಮೇಲೆ ಮೀಟರ್ ನಿಜ ಹೇಳ್ತಿದ್ಯಾ ಅಂತ ನೋಡೋಕೆ ಅಡುಗೆಮನೆ ಉಪ್ಪೇ ಸಾಕು. ಬಾಟಲ್ ಮುಚ್ಚಳದಲ್ಲಿ ಉಪ್ಪು ಹಾಕಿ, ಕೆಲವೇ ಹನಿ ನೀರು ಬಿಟ್ಟು ಒದ್ದೆ ಮರಳಿನ ಹದಕ್ಕೆ ತನ್ನಿ, ಪೂರ್ತಿ ಕರಗ್ಬಾರ್ದು. ಅದನ್ನೂ ಮೀಟರನ್ನೂ ಒಂದು ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿ ಒಂದು ರಾತ್ರಿ ಬಿಡಿ. ಉಪ್ಪಿನ ಮೇಲಿನ ಗಾಳಿ 75 ಪರ್ಸೆಂಟಿಗೆ ಬಂದು ನಿಲ್ಲತ್ತೆ, ಮೀಟರ್ 70 ತೋರಿಸಿದ್ರೆ ಅದು ಐದು ಕಮ್ಮಿ ಹೇಳ್ತಿದೆ ಅಂತ ಲೆಕ್ಕ. ನಮ್ಮನೆ ಉಪ್ಪಿನ ಭರಣಿ ಜೂನ್ ಹಿಡಿದ ಮೇಲೆ ನೀರು ಬಿಡತ್ತಲ್ಲ, ಅದೂ ಇದೇ ಕಾರಣಕ್ಕೆ, ಗಾಳಿಯ ತೇವ 75 ದಾಟಿದ್ರೆ ಉಪ್ಪು ನೀರೆಳ್ಕೊಂಡು ಕರಗೋಕೆ ಶುರು ಮಾಡತ್ತೆ. ಅಮ್ಮ ಅದಕ್ಕೆ ಅಕ್ಕಿ ಕಾಳು ಹಾಕ್ತಾಳೆ. ಅಡುಗೆಮನೇಲಿ ಇಂಥ ಹೈಗ್ರೋಮೀಟರ್ ಇಟ್ಕೊಂಡು ನಾನು ಆನ್‌ಲೈನಲ್ಲಿ ಹುಡುಕ್ತಿದ್ದೆ ಅಂತ ಹೇಳಿದ್ರೆ ಅವಳಿಗೆ ಎಲ್ಲಿಲ್ಲದ ಖುಷಿ.

ಶಾಖ ಕೊಡೋಕೆ ಏನೇನಿದೆ ಅಂತ ಉದ್ದ ಪಟ್ಟಿ ಕೊಡಲ್ಲ. ಅಡಿಯಲ್ಲಿ ಹಾಕೋ ಹೀಟ್ ಮ್ಯಾಟ್, ಮೇಲಿಂದ ಕೊಡೋ ಸೆರಾಮಿಕ್ ಹೀಟರ್, ಹ್ಯಾಲೊಜೆನ್ ಬಲ್ಬ್ ಇವು ಚಾಲ್ತಿಯಲ್ಲಿರೋದು. ಮ್ಯಾಟ್ ನೆಲ ಬಿಸಿ ಮಾಡತ್ತೆ, ಗಾಳಿ ಅಷ್ಟಾಗಿ ಬಿಸಿ ಮಾಡಲ್ಲ, ಬೆಂಗಳೂರಲ್ಲಿ ಅದೊಂದರಲ್ಲೇ ವರ್ಷದ ಬಹುಪಾಲು ಸುಧಾರಿಸ್ಬಹುದು, ಮಡಿಕೇರಿಯಲ್ಲಿ ಆಗಲ್ಲ. ಸಮುದ್ರ ಮಟ್ಟದಿಂದ 1100 ಮೀಟರ್ ಮೇಲಿರೋ ಊರು ಇದು, ರೂಮಿನ ಗಾಳಿನೇ ತಣ್ಣಗಿರತ್ತೆ, ಹಾಗಾಗಿ ಮೇಲಿಂದ ಶಾಖ ಬೇಕೇ ಬೇಕು. ರಾತ್ರಿ ಬೆಳಕಿಲ್ಲದ ಸೆರಾಮಿಕ್ ಹೀಟರ್ ಅನುಕೂಲ, ಅದಕ್ಕೆ ತಂತಿ ಬಲೆ ಕಡ್ಡಾಯ, ಹಾವು ಮೇಲೆ ಹತ್ತಿ ಸುತ್ಕೊಂಡ್ರೆ ಸುಟ್ಕೊಳ್ಳತ್ತೆ. ಬಿಸಿ ಕಲ್ಲು ಅಂತ ಮಾರ್ತಾರೆ, ಅದನ್ನಂತೂ ಮನೆಗೆ ತರ್ಬೇಡಿ.

ಯಾವುದೇ ಹೀಟರ್ ಆಗ್ಲಿ ಥರ್ಮೋಸ್ಟಾಟ್ ಇಲ್ದೆ ಪ್ಲಗ್ ಹಾಕ್ಬಾರ್ದು. ಇದರಲ್ಲಿ ಮಾತ್ರ ನಾನು ಯಾರ ಹತ್ರನೂ ರಾಜಿ ಆಗಲ್ಲ. ಕಂಟ್ರೋಲ್ ಇಲ್ಲದ ಮ್ಯಾಟ್ 40 ಡಿಗ್ರಿ ಆರಾಮಾಗಿ ದಾಟತ್ತೆ, ಹಾವು ಬಿಸಿ ಅಂತ ಎದ್ದು ಹೋಗತ್ತೆ ಅಂತ ನಾವು ಅಂದ್ಕೊಳ್ತೀವಿ, ಅದು ಹೋಗಲ್ಲ, ಹೊಟ್ಟೆ ಸುಡೋ ತನಕ ಅಲ್ಲೇ ಮಲಗಿರೋ ಕೇಸುಗಳು ಬೇಕಾದಷ್ಟಿವೆ. ಹೀಟರಿಗಿಂತ ಥರ್ಮೋಸ್ಟಾಟಿಗೆ ಜಾಸ್ತಿ ದುಡ್ಡು ಹಾಕಿ. ಪ್ರೋಬನ್ನ ಹಾವು ಎಳೆಯದ ಹಾಗೆ ಗಟ್ಟಿಯಾಗಿ ಕಟ್ಟಿ, ಪ್ರೋಬ್ ಜಾಗ ಬಿಟ್ಟು ನೀರಿನ ಬೋಗುಣಿಗೆ ಬಿದ್ರೆ ಅದು ಚಳಿ ಚಳಿ ಅಂತ ಹೇಳ್ತಾ ಹೀಟರನ್ನ ಓಡಿಸ್ತಾನೇ ಇರತ್ತೆ.

ಇನ್ನು ಕರೆಂಟ್. ಕೊಡಗಲ್ಲಿ ಮಳೆಗಾಲ ಅಂದ್ರೆ ಸಿಲ್ವರ್ ಓಕ್ ಕೊಂಬೆ ಲೈನ್ ಮೇಲೆ ಬೀಳೋದು, ಆಮೇಲೆ ಯಾವಾಗ ಬರತ್ತೋ ದೇವರಿಗೇ ಗೊತ್ತು. 2018ರ ಆಗಸ್ಟಲ್ಲಿ ಗುಡ್ಡ ಜರಿದಾಗ ಊರಿಗೆ ಊರೇ ಕತ್ತಲಲ್ಲಿತ್ತು, ಆಗ ಮನುಷ್ಯರ ಪಾಡೇ ಪಾಡು. ಮಾಮೂಲಿ ವರ್ಷದ ಲೆಕ್ಕ ಹೇಳ್ತೀನಿ. ಹೀಟ್ ಮ್ಯಾಟ್ ಎಳೆಯೋದು 20, 30 ವ್ಯಾಟ್, ಸೆರಾಮಿಕ್ ಹೀಟರ್ 60ರಿಂದ 100 ವ್ಯಾಟ್. ಮನೆ ಇನ್ವರ್ಟರಲ್ಲಿ ಟಿವಿ ಬಿಟ್ಟು ಮ್ಯಾಟ್ ಒಂದನ್ನ ಹಾಕಿದ್ರೆ ರಾತ್ರಿ ಕಳೆಯತ್ತೆ. ಅದೂ ಮುಗೀತು ಅಂದ್ರೆ ಡಬ್ಬದ ಮೂರು ಬದಿಗೆ ಕಂಬಳಿ ಸುತ್ತಿ, ಬಾಟಲಿಗೆ ಬಿಸಿನೀರು ತುಂಬಿ ದಪ್ಪ ಟವೆಲ್ ಸುತ್ತಿ ಒಂದು ಮೂಲೆಗೆ ಇಡೋದು, ನಮ್ಮನೇಲಿ ಸ್ನಾನದ ಹಂಡೆ ಒಲೆ ಯಾವಾಗ್ಲೂ ಉರೀತಿರತ್ತೆ, ಬಿಸಿನೀರಿಗೆ ಬರ ಇಲ್ಲ. ಒಂದು ರಾತ್ರಿ 20 ಡಿಗ್ರಿಗೆ ಇಳಿದ್ರೆ ಆರೋಗ್ಯವಾಗಿರೋ ದೊಡ್ಡ ಹಾವಿಗೆ ಏನೂ ಆಗಲ್ಲ, ಗಾಬರಿ ಬೇಡ. ಅಪಾಯ ಇರೋದು ಹೊಟ್ಟೆ ತುಂಬಿರೋವಾಗ. ಇಲಿ ತಿಂದ್ಮೇಲೆ ಚಳಿ ಆದ್ರೆ ಅದು ಅರಗಲ್ಲ, ಒಳಗೇ ಕೊಳೆಯತ್ತೆ, ಹಾವು ವಾಂತಿ ಮಾಡತ್ತೆ, ಅದರಿಂದ ಸುಧಾರಿಸ್ಕೊಳ್ಳೋಕೆ ವಾರಗಟ್ಲೆ ಬೇಕು. ಹಾಗಾಗಿ ಹವಾಮಾನದವ್ರು ರೆಡ್ ಅಲರ್ಟ್ ಅಂತ ಹೇಳಿದ ವಾರ ನಮ್ಮ ಸುಬ್ಬಿಗೆ ಊಟ ಇಲ್ಲ. ದೊಡ್ಡ ಬಾಲ್ ಪೈಥಾನಿಗೆ ಒಂದೆರಡು ವಾರ ಉಪವಾಸ ಲೆಕ್ಕಕ್ಕೇ ಇಲ್ಲ. ಸುಬ್ಬಿ ಅನ್ನೋ ಹೆಸರು ಅಮ್ಮಂದೇ, ಸುಬ್ರಹ್ಮಣ್ಯನ ಹೆಸರಿಟ್ರೆ ದೋಷ ತಟ್ಟಲ್ಲ ಅಂತ, ಆಮೇಲೆ ನಾಗರಪಂಚಮಿ ದಿನ ಅದಕ್ಕೆ ಹಾಲು ಇಡ್ಬಾರ್ದಾ ಅಂತ ಕೇಳಿದ್ಲು, ಹಾವು ಹಾಲು ಕುಡಿಯಲ್ಲ ಅಂದ್ರೆ ನಂಬೋಕೆ ತಯಾರಿಲ್ಲ. ನೀರು ಬದಲಾಯಿಸಿದ್ಲು, ಅಷ್ಟಕ್ಕೆ ಸಮಾಧಾನ ಆಯ್ತು.

ನಮ್ಮ ಸುಗ್ಗಿ ಹಬ್ಬ ಪುತ್ತರಿ ಕಳೀತಿದ್ದ ಹಾಗೆ ಆಟ ಉಲ್ಟಾ ಆಗತ್ತೆ. ಡಿಸೆಂಬರಿಂದ ಮಾರ್ಚ್ ತನಕ, ಕಾಫಿ ಕೊಯ್ಲು ನಡೆದು ಕಣದಲ್ಲಿ ಕಾಫಿ ಒಣಗೋ ಟೈಮು. ಒದ್ದೆ ಹಣ್ಣನ್ನ ಬರೀ ಬಿಸಿಲಲ್ಲಿ ತೇವ 10, 11 ಪರ್ಸೆಂಟಿಗೆ ಇಳಿಸೋ ಗಾಳಿ ಹಾವಿನ ಡಬ್ಬನ ಬಿಟ್ಟುಬಿಡತ್ತಾ? ಮಧ್ಯಾಹ್ನ ರೂಮಲ್ಲಿ 27 ಡಿಗ್ರಿ 40 ಪರ್ಸೆಂಟ್ ಇದ್ರೆ ಡಬ್ಬದ ಬಿಸಿ ತುದಿಯಲ್ಲಿ ಅದು 30ಕ್ಕೆ ಬರತ್ತೆ. ಬೆಳಗಿನ ಜಾವ ಮಾತ್ರ ಕೊರೆಯೋ ಚಳಿ, ಹೀಟರ್ ಜಾಸ್ತಿ ಓಡತ್ತೆ, ಓಡಿದಷ್ಟೂ ಒಣಗತ್ತೆ. ಕೊಡಗಲ್ಲಿ ತೇವದ ಸಮಸ್ಯೆ ಇಲ್ಲ ಅನ್ನೋ ಮಾತು ಸುಳ್ಳಾಗೋದು ಇಲ್ಲೇ, ಹಾವಿನ ಪೊರೆ ಚೂರು ಚೂರಾಗಿ ಬರೋದೂ ಈ ತಿಂಗಳುಗಳಲ್ಲೇ. ಪೊರೆ ಮೂಗಿಂದ ಬಾಲದ ತುದಿ ತನಕ ಒಂದೇ ಪೀಸಲ್ಲಿ ಬರ್ಬೇಕು, ಕಣ್ಣಿನ ಮೇಲಿನ ಪಾರದರ್ಶಕ ಪೊರೆ ಸಮೇತ. ಕಣ್ಣಿನದ್ದು ಉಳ್ಕೊಂಡ್ರೆ ಚಿಮಟದಲ್ಲಿ ಕೀಳೋಕೆ ಹೋಗ್ಬೇಡಿ, ಕಣ್ಣೇ ಹೋಗತ್ತೆ.

ಆಗ ಮಾಡೋದು ಏನಂದ್ರೆ ಕಿಂಡಿ ಸ್ವಲ್ಪ ಕಮ್ಮಿ ಮಾಡೋದು, ಬೋಗುಣಿ ದೊಡ್ಡದು ಮಾಡಿ ಬಿಸಿ ಕಡೆಗೆ ಸರಿಸೋದು, ನೆಲಕ್ಕೆ ಹಾಕಿರೋ ತೆಂಗಿನ ನಾರಿನ ಪುಡಿಗೆ ಮೂಲೆಯಲ್ಲಿ ನಿಧಾನಕ್ಕೆ ನೀರು ಹುಯ್ಯೋದು, ಅದು ತಳಕ್ಕಿಳಿದು ಅಲ್ಲಿಂದ ಆವಿ ಕೊಡತ್ತೆ, ಮೇಲ್ಪದರ ಒಣಗಿರತ್ತೆ. ಸ್ಪ್ರೇ ಮಾಡಿದ್ರೆ ಮೀಟರ್ ಒಂದು ಗಳಿಗೆ 80 ತೋರಿಸಿ ಮತ್ತೆ ಬೀಳತ್ತೆ, ಹಾವಿನ ಹೊಟ್ಟೆ ಕೆಳಗೆ ಮಾತ್ರ ಒದ್ದೆ ಉಳಿಯತ್ತೆ, ಒದ್ದೆ ನೆಲದ ಮೇಲೆ ಮಲಗಿ ಮಲಗಿ ಹೊಟ್ಟೆಯ ಹುರುಪೆ ಕೆಂಪಾಗಿ ಕೊಳೆಯೋ ರೋಗಕ್ಕೆ ಅದೇ ದಾರಿ. ಪೊರೆ ಬಿಡೋಕೆ ಮುಂಚೆ ಕಣ್ಣು ನೀಲಿ ಹಾಲು ಬಣ್ಣಕ್ಕೆ ತಿರುಗಿದ ತಕ್ಷಣ ಒಂದು ಮುಚ್ಚಳದ ಡಬ್ಬಿಗೆ ತೂತು ಮಾಡಿ, ಒಳಗೆ ಹಿಂಡಿದ ಸ್ಫ್ಯಾಗ್ನಮ್ ಪಾಚಿ ಹಾಕಿ ಇಡೋದು, ಹಾವು ತಾನೇ ಹೋಗಿ ಕೂರತ್ತೆ. ತೋಟದ ಪ್ರತಿ ಮರಕ್ಕೂ ಪಾಚಿ ಹೊದಿಕೆ ಇರೋ ಜಿಲ್ಲೆಯಲ್ಲಿ ಕೂತ್ಕೊಂಡು ಕೊರಿಯರಲ್ಲಿ ಒಣ ಪಾಚಿ ತರಿಸೋ ದರ್ಬಾರು ನೋಡಿ ಪಕ್ಕದ ಮನೆಯವ್ರು ಈಗ್ಲೂ ನಗ್ತಾರೆ. ಆದ್ರೆ ಮರದ ಪಾಚಿ ಜೊತೆ ಹುಳ ಉಣ್ಣೆ ಬರತ್ತೆ, ತೋಟಕ್ಕೆ ಹೊಡೆದ ಔಷಧಿ ಬರತ್ತೆ, ಬೇಡ.

ಡಬ್ಬನೂ ಊರು ನೋಡಿ ಆರಿಸ್ಕೋಬೇಕು. ಮೇಲೆ ಪೂರ್ತಿ ಮೆಶ್ ಇರೋ ಗಾಜಿನ ಟ್ಯಾಂಕಲ್ಲಿ ಶಾಖ ನಿಲ್ಲಲ್ಲ, ಸಾಧಾರಣ ಪ್ಲೈವುಡ್ ಒಂದೇ ಮಳೆಗಾಲಕ್ಕೆ ಉಬ್ಬತ್ತೆ. ಪಿವಿಸಿ ಶೀಟಿಂದು ಒಳ್ಳೇದು, ಇಲ್ಲಾ ನೀರು ತಡೆಯೋ ಪ್ಲೈನಲ್ಲಿ ಆಚಾರಿ ಹತ್ರ ಮಾಡ್ಸಿ, ಸಂದಿಗೆ ಸಿಲಿಕಾನ್ ಹಾಕ್ಸಿ, ವಾರ್ನಿಷ್ ವಾಸನೆ ಪೂರ್ತಿ ಹೋಗೋ ತನಕ ಹಾವು ಬಿಡ್ಬೇಡಿ. ಹೊರಗೋಡೆಗೆ ತಾಗಿಸಿ ಇಡ್ಬೇಡಿ, ಮಳೆ ಹೊಡೆಯೋ ಗೋಡೆ ಐಸ್ ಆಗಿರತ್ತೆ.

ಈಗ ನಮ್ಮ ಕಡೆ ಹುಡುಗ್ರು ಕೆಲವರು ನಂಗೂ ಒಂದು ತರಿಸ್ಕೊಡು ಅಂತ ಕೇಳ್ತಿದಾರೆ. ನಾನು ಹೇಳೋದು ಒಂದೇ, ಮೊದಲು ಡಬ್ಬ ಮಾಡ್ಸು, ಥರ್ಮೋಸ್ಟಾಟ್ ಹಾಕು, ಮೀಟರ್ ಇಡು, ಜೂನಿಂದ ಸೆಪ್ಟೆಂಬರ್ ತನಕ ಖಾಲಿ ಡಬ್ಬ ಓಡಿಸು, ಬೆಳಿಗ್ಗೆ ಒಂದ್ಸಲ ಸಂಜೆ ಒಂದ್ಸಲ ನಂಬರ್ ಬರ್ಕೊ, ಕರೆಂಟ್ ಹೋದ ರಾತ್ರಿ ಎದ್ದು ಎಷ್ಟಕ್ಕೆ ಇಳೀತು ನೋಡು. ಹಾವೇ ಇಲ್ದೆ ಹಾವಿನ ಬಿಲ್ ಕಟ್ಟೋದಾ ಅಂತ ಕೇಳಿದ ಒಬ್ಬ. ಹೌದು, ಅದೇ. ಈ ಹಾವು ಸರಿಯಾಗಿ ನೋಡ್ಕೊಂಡ್ರೆ 20, 30 ವರ್ಷ ಬದುಕತ್ತೆ, ನಾಲ್ಕು ತಿಂಗಳ ಕರೆಂಟ್ ಬಿಲ್ ಭಾರ ಅನ್ಸೋರಿಗೆ ಮೀನಿನ ತೊಟ್ಟಿ ಚೆನ್ನಾಗಿರತ್ತೆ. ಇಬ್ಬರು ಅಲ್ಲಿಗೇ ಬಿಟ್ರು. ಇನ್ನೊಬ್ಬ ಆಚಾರಿ ಹತ್ರ ಡಬ್ಬದ ಅಳತೆ ಕೊಟ್ಟು ಬಂದಿದಾನೆ, ಪ್ಲೈ ಇನ್ನೂ ಬಂದಿಲ್ವಂತೆ.